ಬೇಲಿ ಒಂದೇ, ಒಳಗಿನ ಬೆಳೆ ಬೇರೆ: ಆಮವಾತದವರ ಮೊಣಕೈ ಗಂಟು

ಕಕ್ಕಡ ಮಾಸದ ಮಳೆ ಸುರಿಯುತ್ತಿದ್ದ ಒಂದು ಸಂಜೆ, ಕೊಡಗಿನ ನಾಪೋಕ್ಲು ಬಳಿಯ ಕಾಫಿ ತೋಟದ ಹಿರಿಯರೊಬ್ಬರು ತೋಳು ಮಡಿಸಿ ಮೊಣಕೈ ತೋರಿಸಿದರು. ಅವರಿಗೆ 15 ವರ್ಷಗಳಿಂದ ಆಮವಾತ, ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಕೀಲುಗಳ ಮೇಲೆ ದಾಳಿ ಮಾಡುವ ರುಮಟಾಯ್ಡ್ ಆರ್ಥ್ರೈಟಿಸ್. ಚರ್ಮದಡಿ ಕಾಫಿ ಹಣ್ಣಿನಷ್ಟು ದೊಡ್ಡದಾದ, ಒತ್ತಿದರೂ ನೋಯದ ಗಂಟಿತ್ತು. ಶೀತಕ್ಕೆ ವಾತ ಕಟ್ಟಿಕೊಂಡಿದೆ, ಬರೆ ಹಾಕಿಸಿದರೆ ಇಳಿಯುತ್ತದೆ ಎಂದು ಯಾರೋ ಹೇಳಿದ್ದರಂತೆ. ಬರೆಯಿಂದ ಯಾವ ಗಂಟೂ ಇಳಿಯುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವ ಆಮವಾತದವರಿಗಂತೂ ಸುಟ್ಟ ಗಾಯಕ್ಕೆ ಸೋಂಕು ತಗುಲಿದರೆ ಅಪಾಯ ದೊಡ್ಡದು.

ಆಮವಾತವಿರುವವರಲ್ಲಿ ಸುಮಾರು ಶೇಕಡಾ 20ರಿಂದ 30 ಮಂದಿಗೆ, ಅದರಲ್ಲೂ ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ಪ್ರತಿಕಾಯ ಇರುವವರಿಗೆ, ಒತ್ತಡ ಬೀಳುವ ಜಾಗಗಳಲ್ಲಿ ಗಂಟುಗಳು ಏಳುವುದು ನಿಜ. ಆದರೆ ಕಂಡ ಗಂಟನ್ನೆಲ್ಲ ಆಮವಾತದ ಲೆಕ್ಕಕ್ಕೇ ಬರೆದುಬಿಡುವುದು ಆತುರದ ಕೆಲಸ. ಅದು ಕೊಬ್ಬಿನ ಗಡ್ಡೆಯಿರಬಹುದು, ಯೂರಿಕ್ ಆಮ್ಲ ಹರಳುಗಟ್ಟಿ ಕೀಲು ಊದುವ ಗೌಟ್ ಇರಬಹುದು, ಅಪರೂಪಕ್ಕೆ ಕ್ಯಾನ್ಸರ್ ಕೂಡ ಇರಬಹುದು. ಬೇಗ ಬೆಳೆಯುವ, ಆಳದಲ್ಲಿರುವ ಅಥವಾ 5 ಸೆಂಟಿಮೀಟರ್ ಮೀರಿದ ಗಡ್ಡೆಯನ್ನು ಎಂಆರ್‌ಐ ಮಾಡಿಸದೆ ಕೊಯ್ಯಬಾರದು.

ಇವುಗಳಲ್ಲಿ ನನಗೆ ಅತ್ಯಂತ ಕುತೂಹಲದ್ದಾಗಿ ತೋರುವುದು ಗೌಟ್. ಆಮವಾತದ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಸತ್ತ ಅಂಗಾಂಶವೂ, ಅದರ ಸುತ್ತ ತೋಟದ ಬೇಲಿಯ ಗೂಟಗಳಂತೆ ಸಾಲಾಗಿ ನಿಂತ ಜೀವಕೋಶಗಳೂ ಕಾಣುತ್ತವೆ. ಗೌಟ್ ಗಂಟಿಗೂ ಅಂಥ ಬೇಲಿ ಉಂಟು. ಒಳಗೆ ಮಾತ್ರ, ಚಳಿಗೆ ಜೇನು ಹರಳುಗಟ್ಟಿದಂತೆ, ಯೂರೇಟ್ ಎಂಬ ಯೂರಿಕ್ ಆಮ್ಲದ ಲವಣದ ಸೂಜಿಗಳು ಒತ್ತಾಗಿ ತುಂಬಿರುತ್ತವೆ. ಕೊಯ್ದ ತುಣುಕನ್ನು ವಾಡಿಕೆಯಂತೆ ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣಕ್ಕೆ ಹಾಕಿದರೆ, ಅದರಲ್ಲಿರುವ ನೀರಿಗೆ ಈ ಹರಳುಗಳು ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುವಂತೆ ಕರಗಿಹೋಗುತ್ತವೆ. ಬೇಲಿ ಉಳಿದು ಬೆಳೆ ಮಾಯವಾದ ಆ ತುಣುಕನ್ನು ಆಮವಾತದ ಗಂಟೆಂದೇ ಓದಿಬಿಡುವ ಸಾಧ್ಯತೆ ಇದೆ. ಗೌಟ್‌ನ ಸಂಶಯವಿದ್ದರೆ ತುಣುಕನ್ನು ನೀರಿಲ್ಲದ ಆಲ್ಕೋಹಾಲ್‌ನಲ್ಲಿ ಕಳುಹಿಸುವುದು ಇದೇ ಕಾರಣಕ್ಕೆ.

ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಹೆಸರನ್ನು 1859ರಲ್ಲಿ ಬಳಕೆಗೆ ತಂದ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ಅವರು ಗೌಟ್ ಪತ್ತೆಗೆ ಹಿಡಿದದ್ದೂ ಹರಳಿನ ಜಾಡನ್ನೇ. ರೋಗಿಯ ರಕ್ತದ ಸೀರಮ್‌ಗೆ ಅಸಿಟಿಕ್ ಆಮ್ಲ ಬೆರೆಸಿ ನಾರಿನ ಎಳೆಯೊಂದನ್ನು ಅದರಲ್ಲಿಟ್ಟರೆ, ಕಲ್ಲುಸಕ್ಕರೆಯ ದಾರಕ್ಕೆ ಕಟ್ಟುವಂತೆ ಎಳೆಗೆ ಯೂರಿಕ್ ಆಮ್ಲದ ಹರಳು ಕಟ್ಟುತ್ತಿತ್ತು. ಈಗ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಗಂಟಿನಿಂದ ತೆಗೆದ ಒಂದು ಹನಿ ಸಾಕು.

ಹಿರಿಯರ ಗಂಟಿಗೆ ವೈದ್ಯರು ಸೂಜಿ ಹಾಕಿದಾಗ ಬಂದದ್ದು ಸುಣ್ಣ ಕಲಸಿದಂಥ ಬಿಳಿ ದ್ರವ, ಅದರ ತುಂಬ ಹೊಳೆಯುವ ಸೂಜಿಗಳು. ಆಮವಾತದ ಜೊತೆಗೆ ಅವರಿಗೆ ಗೌಟ್ ಕೂಡ ಇತ್ತು.