ಕೆಂಪು ಕಡ್ಡಿಯ ಡಾಗ್‌ವುಡ್: ಕತ್ತರಿ ಹಾಕದಿದ್ದರೆ ಬಣ್ಣವಿಲ್ಲ

ಪ್ರತಿ ವರ್ಷ ಫೆಬ್ರವರಿ ಬಂತೆಂದರೆ ನನಗೆ ಒಂದೇ ಥರದ ಫೋನ್ ಬರುತ್ತದೆ. "ಆ ಕೆಂಪು ಕಡ್ಡಿ ಗಿಡ ಹಾಕಿಸಿದ್ರಲ್ಲ, ಈಗ ಅದು ಕೆಂಪಗೇ ಇಲ್ಲ. ಒಣಗಿಹೋಯ್ತಾ?"

ಒಣಗಿರುವುದಿಲ್ಲ. ವಯಸ್ಸಾಗಿರುತ್ತದೆ, ಅಷ್ಟೇ.

ನಾನಿರುವುದು ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ. ಮನೆಗಳ ಮುಂದೆ, ಹಿತ್ತಲಲ್ಲಿ ತೋಟ ಮಾಡಿಕೊಡುವುದು ನನ್ನ ಕಸುಬು. ಇಲ್ಲಿ ನವೆಂಬರ್‌ಗೆ ಎಲೆ ಪೂರ್ತಿ ಉದುರಿದರೆ ಏಪ್ರಿಲ್ ಕೊನೆವರೆಗೆ ಹಸಿರಿನ ಮಾತೇ ಇಲ್ಲ. ನೆಲ ಬಿಳಿ, ಮರ ಬೂದು. ಅಂಥ ಹೊತ್ತಿನಲ್ಲಿ ಮಿನ್ನೆಹಾಹಾ ತೊರೆಯ ಪಕ್ಕ ನಡೆದು ಹೋದರೆ ದಡದ ಉದ್ದಕ್ಕೂ ಯಾರೋ ಕುಂಕುಮ ಕಲಸಿ ಕಡ್ಡಿಗಳಿಗೆ ಬಳಿದು ಹಿಮದಲ್ಲಿ ಚುಚ್ಚಿಟ್ಟ ಹಾಗೆ ಕಾಣುತ್ತದೆ. ಅದೇ ರೆಡ್ ಓಸಿಯರ್ ಡಾಗ್‌ವುಡ್. ಸಸ್ಯಶಾಸ್ತ್ರದ ಹೆಸರು ಕಾರ್ನಸ್ ಸೆರಿಸಿಯಾ. ಹಳೆಯ ಪುಸ್ತಕಗಳಲ್ಲಿ ಕಾರ್ನಸ್ ಸ್ಟೊಲೊನಿಫೆರಾ ಎಂದಿರುತ್ತದೆ, ಗಿಡ ಅದೇ. ಅಲಾಸ್ಕಾದಿಂದ ನ್ಯೂಫೌಂಡ್‌ಲ್ಯಾಂಡ್‌ವರೆಗೆ, ಕೆಳಗೆ ಉತ್ತರ ಮೆಕ್ಸಿಕೋದ ಬೆಟ್ಟಗಳವರೆಗೆ ತಾನಾಗಿಯೇ ಬೆಳೆಯುವ ಪೊದೆ ಇದು. ಈ ನೆಲದ ಮೂಲನಿವಾಸಿಗಳಾದ ಒಜಿಬ್ವೆ ಜನ ಇದನ್ನು ಮಿಸ್ಕ್ವಾಬೀಮಿಜ್ ಎನ್ನುತ್ತಾರೆ. ಆ ಹೆಸರಿನಲ್ಲೂ ಮೊದಲಿಗೆ ಬರುವುದು ಕೆಂಪೇ. ಇದರ ಒಳತೊಗಟೆಯನ್ನು ಧೂಮಪಾನದ ಮಿಶ್ರಣಕ್ಕೆ ಬಳಸುತ್ತಿದ್ದರು, ಕಡ್ಡಿಯಿಂದ ಬುಟ್ಟಿ ಹೆಣೆಯುತ್ತಿದ್ದರು.

ನಮ್ಮ ಕಡೆಯ ನೆಂಟ ಬೇಕೆಂದರೆ ಅದೂ ಇದೆ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಸಿಗುವ ಅಂಕೋಲೆ ಗಿಡವನ್ನು ಈಗ ಸಸ್ಯಶಾಸ್ತ್ರಜ್ಞರು ಡಾಗ್‌ವುಡ್‌ನ ಕುಟುಂಬಕ್ಕೇ ಸೇರಿಸಿದ್ದಾರೆ. ಉತ್ತರ ಕನ್ನಡದ ಅಂಕೋಲಾ ಊರಿಗೆ ಹೆಸರು ಬಂದದ್ದು ಈ ಗಿಡದಿಂದ ಎನ್ನುವ ಮಾತೂ ಇದೆ. ನೋಡಲು ಮಾತ್ರ ಎರಡಕ್ಕೂ ಒಂದಿಷ್ಟೂ ಹೋಲಿಕೆ ಇಲ್ಲ.

ಈಗ ಆ ಫೋನಿನ ವಿಷಯಕ್ಕೆ ಬರೋಣ. ಕೆಂಪು ಬಣ್ಣ ಇರುವುದು ಎಳೆಯ ಕಾಂಡದಲ್ಲಿ. ಒಂದು, ಎರಡು ವರ್ಷದ ಕಡ್ಡಿ ಹೊಳೆಯುತ್ತದೆ. ಮೂರನೇ ವರ್ಷಕ್ಕೆ ಮಂಕಾಗುತ್ತದೆ. ಆಮೇಲೆ ತೊಗಟೆ ದಪ್ಪವಾಗಿ ಬೂದು-ಕಂದು ಬಣ್ಣಕ್ಕೆ ತಿರುಗಿ, ಹತ್ತು ಹೆಜ್ಜೆ ದೂರದಿಂದ ನೋಡಿದರೆ ಯಾವುದೋ ಕಾಡುಪೊದೆ ಅನ್ನಿಸುತ್ತದೆ. ನರ್ಸರಿಯಿಂದ ತಂದಾಗ ಎಲ್ಲ ಕಡ್ಡಿಯೂ ಎಳೆಯದು, ಅದಕ್ಕೇ ಅಷ್ಟು ಚೆಂದ. ಐದು ವರ್ಷ ಮುಟ್ಟದೆ ಬಿಟ್ಟರೆ ತುದಿಯಲ್ಲಿ ಮಾತ್ರ ಒಂದಷ್ಟು ಕೆಂಪು ಉಳಿದಿರುತ್ತದೆ.

ನಾನು ಹುಟ್ಟಿದ್ದು ಶಿಡ್ಲಘಟ್ಟದ ಹತ್ತಿರ, ರೇಷ್ಮೆ ಮನೆಯಲ್ಲಿ. ಹಿಪ್ಪುನೇರಳೆ ತೋಟವನ್ನು ವರ್ಷಕ್ಕೊಮ್ಮೆ ಬುಡಕ್ಕೆ ಸವರುವುದನ್ನು ನೋಡಿಕೊಂಡೇ ಬೆಳೆದವನು. ಹೊರಗಿನವರಿಗೆ ಅದು ತೋಟ ಹಾಳು ಮಾಡಿದ ಹಾಗೆ ಕಾಣುತ್ತದೆ. ಒಂದು ತಿಂಗಳು ಕಳೆಯಲಿ, ಬುಡದಿಂದ ಚಿಗುರು ನುಗ್ಗಿ ಬಂದಿರುತ್ತದೆ. ಡಾಗ್‌ವುಡ್‌ಗೂ ಬೇಕಾದ್ದು ಅದೇ ಧೈರ್ಯ. ನನ್ನ ಗಿರಾಕಿಗಳಿಗೆ ಕಲಿಸಲು ಕಷ್ಟವಾದದ್ದು ಇದೊಂದೇ. ಚೆನ್ನಾಗಿರುವ ಗಿಡದ ದಪ್ಪ ಕಾಂಡವನ್ನೇ ತೆಗೆಯಬೇಕು ಎಂದರೆ ಯಾರಿಗೂ ಮನಸ್ಸು ಬರುವುದಿಲ್ಲ.

ಮಾಡುವ ರೀತಿ ಹೀಗೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ, ಅಂದರೆ ಕಡ್ಡಿಯ ಕಣ್ಣು (ಚಿಗುರು ಬರುವ ಮೊಗ್ಗು) ಒಡೆಯುವ ಮೊದಲು. ಗಿಡದ ಮುಂದೆ ಮೊಣಕಾಲೂರಿ ಕುಳಿತುಕೊಳ್ಳಿ, ನಿಂತು ಮಾಡುವ ಕೆಲಸ ಅಲ್ಲ ಇದು. ಬುಡದಲ್ಲಿ ಯಾವ ಕಾಂಡ ಹೆಬ್ಬೆರಳಿಗಿಂತ ದಪ್ಪ, ಬಣ್ಣ ಹೋಗಿ ಒರಟಾಗಿದೆ ನೋಡಿ. ಅಂಥವನ್ನು ನೆಲಮಟ್ಟಕ್ಕೆ ಉದ್ದ ಹಿಡಿಯ ಕತ್ತರಿಯಾದ ಲಾಪರ್‌ನಿಂದಲೋ ಗರಗಸದಿಂದಲೋ ಕತ್ತರಿಸಿ. ಒಟ್ಟು ಕಾಂಡಗಳಲ್ಲಿ ಮೂರನೇ ಒಂದು ಭಾಗ ಸಾಕು. ಮುಂದಿನ ವರ್ಷ ಇನ್ನೊಂದು ಭಾಗ. ಹೀಗೆ ಮಾಡುತ್ತಾ ಹೋದರೆ ಗಿಡದಲ್ಲಿ ಮೂರು ವರ್ಷ ದಾಟಿದ ಕಾಂಡವೇ ಇರುವುದಿಲ್ಲ.

ಪೂರ್ತಿ ಗಿಡವನ್ನೇ ಎರಡು-ಮೂರು ಇಂಚು ಬಿಟ್ಟು ಬೋಳು ಮಾಡುವವರೂ ಇದ್ದಾರೆ. ಗಿಡ ಬೇರು ಬಿಟ್ಟು ಗಟ್ಟಿಯಾಗಿದ್ದರೆ ತಡೆದುಕೊಳ್ಳುತ್ತದೆ, ಬಣ್ಣವೂ ಭರ್ಜರಿಯಾಗಿ ಬರುತ್ತದೆ. ಆದರೆ ಹೂವು ಬರುವುದು ಹಿಂದಿನ ವರ್ಷದ ಕಡ್ಡಿಯಲ್ಲಿ. ಎಲ್ಲ ಸವರಿದರೆ ಆ ವರ್ಷ ಹೂವೂ ಇಲ್ಲ, ಹಣ್ಣೂ ಇಲ್ಲ. ಮೇ-ಜೂನ್‌ನಲ್ಲಿ ಬರುವ ಚಪ್ಪಟೆ ಬಿಳಿ ಗೊಂಚಲಿಗೆ ಎಷ್ಟು ಜೇನು, ಎಷ್ಟು ಪುಟ್ಟ ಹುಳು! ಬೇಸಿಗೆ ಮುಗಿಯುವ ಹೊತ್ತಿಗೆ ಬಿಳಿ ಹಣ್ಣು, ಅದಕ್ಕೆ ರಾಬಿನ್, ಕ್ಯಾಟ್‌ಬರ್ಡ್ ಹಕ್ಕಿಗಳ ದಂಡು. ಅದನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಹಾಗಾಗಿ ತೀರಾ ಕೈಬಿಟ್ಟು ಮುದಿಯಾದ ಗಿಡಕ್ಕೆ ಮಾತ್ರ ಬೋಳು ಕತ್ತರಿ, ಉಳಿದದ್ದಕ್ಕೆ ಮೂರರಲ್ಲಿ ಒಂದು.

ಮಾಡಲೇಬಾರದ ಕೆಲಸವೆಂದರೆ ಹೆಡ್ಜ್ ಟ್ರಿಮ್ಮರ್ ಹಿಡಿದು ಮೇಲಿಂದ ಮೇಲೆ ಕ್ಷೌರ ಮಾಡುವುದು. ಒಂದು ವಸತಿ ಸಮುಚ್ಚಯದಲ್ಲಿ ನಾನು ಹಾಕಿಸಿದ ಹನ್ನೆರಡು ಗಿಡಗಳನ್ನು ಹುಲ್ಲು ಕತ್ತರಿಸುವ ತಂಡ ಬಂದು ಆಗಸ್ಟ್‌ನಲ್ಲಿ ಲಾಡು ಕಟ್ಟಿದ ಹಾಗೆ ಗುಂಡಗೆ ಮಾಡಿ ಹೋಗಿತ್ತು. ಬುಡದಲ್ಲಿ ಮುದಿ ಕಾಂಡ, ಮೇಲೆ ಪೊರಕೆಯಂಥ ಸಣ್ಣ ಕಡ್ಡಿ. ಆಗಸ್ಟ್ ಎನ್ನುವುದು ಇನ್ನೊಂದು ತಪ್ಪು. ಯಾಕೆ ಅಂದರೆ ಈ ಗಿಡ ಚಳಿಗೆ ಸಿದ್ಧವಾಗುವ ರೀತಿಯೇ ಬೇರೆ.

ಇದನ್ನು ಚೆನ್ನಾಗಿ ಕೆದಕಿ ನೋಡಿದ್ದು ನಮ್ಮ ಊರಿನ ಮಿನೆಸೋಟ ವಿಶ್ವವಿದ್ಯಾಲಯದಲ್ಲೇ, 1960ರ ದಶಕದಲ್ಲಿ, ಕಾನ್ರಾಡ್ ವೈಸರ್ ಮತ್ತು ಜೊತೆಗಾರರು. ಬೇಸಿಗೆಯಲ್ಲಿ ಚಿಗುರುತ್ತಿರುವಾಗ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿಳಿದರೆ ಸಾಯುವ ಇದೇ ಗಿಡದ ಕಡ್ಡಿ, ಚಳಿಗಾಲದ ನಡುವೆ ದ್ರವ ಸಾರಜನಕದ ಮೈನಸ್ 196 ಡಿಗ್ರಿ ಸೆಲ್ಸಿಯಸ್ ಚಳಿಯನ್ನೂ ತಡೆದುಕೊಂಡಿತು! ಸಿದ್ಧತೆ ಎರಡು ಹಂತದಲ್ಲಿ ನಡೆಯುತ್ತದೆ. ಹಗಲು ಚಿಕ್ಕದಾಗುವುದು ಮೊದಲ ಸೂಚನೆ. ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ಇಬ್ಬನಿ ಹೆಪ್ಪುಗಟ್ಟುವಂಥ ಚಳಿ ಎರಡನೇ ಸೂಚನೆ. ಆಗ ಗಿಡ ಪೂರ್ತಿ ಗಟ್ಟಿಯಾಗುತ್ತದೆ. ಆಗಸ್ಟ್‌ನಲ್ಲಿ ಕತ್ತರಿ ಹಾಕಿದರೆ, ಗೊಬ್ಬರ ಸುರಿದರೆ, ಮಲಗಲು ಹೊರಟ ಮಗುವನ್ನು ಎಬ್ಬಿಸಿ ಕೂರಿಸಿದ ಹಾಗೆ. ಎಳೆ ಚಿಗುರು ಬರುತ್ತದೆ, ಮೊದಲ ಹಿಮಕ್ಕೇ ಕಪ್ಪಾಗುತ್ತದೆ.

ಆ ಸಂಶೋಧಕರು ಇನ್ನೊಂದನ್ನೂ ಗಮನಿಸಿದ್ದರು. ಬೇರೆ ಬೇರೆ ಊರಿನಿಂದ ತಂದ ಗಿಡಗಳನ್ನು ಒಟ್ಟಿಗೆ ಬೆಳೆಸಿದಾಗ ಉತ್ತರದವು ಬೇಗ ಗಟ್ಟಿಯಾದವು, ಬೆಚ್ಚನೆಯ ಊರಿನವು ತಡ ಮಾಡಿದವು. ಅದಕ್ಕೇ ನಾನು ಸಾವಿರ ಮೈಲಿ ದೂರದ ನರ್ಸರಿಯ ಅಗ್ಗದ ಗಿಡಕ್ಕಿಂತ ಇಲ್ಲೇ ಸುತ್ತಮುತ್ತಲಿನ ಮೂಲದ ಗಿಡ ಕೇಳಿ ತರುತ್ತೇನೆ.

ಬಣ್ಣಕ್ಕೆ ಕಾರಣ ಆಂಥೋಸಯನಿನ್, ನೇರಳೆ ಹಣ್ಣಿನಲ್ಲಿರುವ ಬಣ್ಣದ ಗುಂಪೇ ಅದು. ಬಿಸಿಲು ಮತ್ತು ಚಳಿ ಎರಡೂ ಸೇರಿದರೆ ಅದು ಏರುತ್ತದೆ. ಅಕ್ಟೋಬರ್‌ನಲ್ಲಿ ಒಂದು ಕಡ್ಡಿ ಹಿಡಿದು ತಿರುಗಿಸಿ ನೋಡಿ. ಬಿಸಿಲು ಬಿದ್ದ ಬದಿ ಕೆಂಪು, ನೆರಳಿನ ಬದಿ ಇನ್ನೂ ಹಸಿರು ಮಿಶ್ರ. ಉಗುರಿನಿಂದ ಮೆಲ್ಲಗೆ ಕೆರೆದರೆ ಕೆಂಪಿನ ಕೆಳಗೆ ಹಸಿ ಹಸಿರು ಕಾಣುತ್ತದೆ. ಕಾಂಡದಲ್ಲೂ ಪತ್ರಹರಿತ್ತು ಇದೆ ಎಂದರ್ಥ. ಇದೇ ಗಿಡದ ಎಲೆ ಶರತ್ಕಾಲದಲ್ಲಿ ಕೆಂಪಾಗುವುದರ ಬಗ್ಗೆ 2001ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಆ ಕೆಂಪು ಎಲೆಗೆ ಕೊಡೆಯ ಹಾಗೆ. ಚಳಿಯಲ್ಲಿ ಜಾಸ್ತಿ ಬೆಳಕಿನಿಂದ ಆಗುವ ಪೆಟ್ಟನ್ನು ತಡೆಯುತ್ತದೆ. ತೋಟದ ಲೆಕ್ಕದಲ್ಲಿ ಇದರಿಂದ ತಿಳಿಯಬೇಕಾದ್ದು ಇಷ್ಟೇ: ನೆರಳಿನಲ್ಲಿ ನೆಟ್ಟರೆ ಗಿಡ ಬದುಕುತ್ತದೆ, ಬಣ್ಣ ಮಾತ್ರ ಸಪ್ಪೆ.

ಹಾಗಂತ ಸುಡುವ ಜಾಗಕ್ಕೂ ಹಾಕಬೇಡಿ. ಈ ತಪ್ಪು ನಾನೇ ಮಾಡಿದ್ದೇನೆ. ಕಸುಬಿನ ಮೊದಲ ವರ್ಷಗಳಲ್ಲಿ ಒಬ್ಬರ ಡ್ರೈವ್‌ವೇ ಪಕ್ಕ, ದಕ್ಷಿಣದ ಬಿಸಿಲಿಗೆ, ಮರಳು ಮಣ್ಣಿನಲ್ಲಿ ಐದು ಗಿಡ ಸಾಲಾಗಿ ನೆಟ್ಟೆ. ಕಿಟಕಿಯಿಂದ ಕಾಣಲಿ ಎಂಬ ಆಸೆ. ಎರಡು ಬೇಸಿಗೆಯಲ್ಲಿ ಕಾಂಡಗಳಲ್ಲಿ ಕುಳಿ ಬಿದ್ದ ಹುಣ್ಣು ಕಾಣಿಸಿಕೊಂಡಿತು. ಕ್ಯಾಂಕರ್. ಶಿಲೀಂಧ್ರ ರೋಗ, ನೀರಿಲ್ಲದೆ ಬಳಲಿದ ಗಿಡವನ್ನೇ ಹುಡುಕಿಕೊಂಡು ಬರುತ್ತದೆ. ಐದರಲ್ಲಿ ಮೂರು ಹೋದವು. ತೊರೆಯ ದಡದ ಗಿಡವನ್ನು ಕಾಂಕ್ರೀಟಿನ ಪಕ್ಕ ನಿಲ್ಲಿಸಿದ್ದು ನಾನು, ದುಡ್ಡು ಕೊಟ್ಟದ್ದು ಅವರು. ಕೊನೆಗೆ ನನ್ನ ಖರ್ಚಿನಲ್ಲೇ ಬೇರೆ ಗಿಡ ಹಾಕಿಕೊಟ್ಟೆ. ಮಳೆನೀರು ಬಂದು ನಿಲ್ಲುವ ತಗ್ಗು, ಛಾವಣಿಯ ಪೈಪ್ ಬಿಡುವ ಮೂಲೆ, ಇವೇ ಇದಕ್ಕೆ ಸರಿ.

ಬೇಸಿಗೆಯಲ್ಲಿ ಎಲೆಗಳ ಮೇಲೆ ಬಿಳಿ ಹಿಟ್ಟು ಬಳಿದ ಹುಳು ಕಂಡರೆ ಬೂಷ್ಟು ಅಂದುಕೊಳ್ಳಬೇಡಿ. ಅದು ಸಾಫ್ಲೈ ಎಂಬ ಕೀಟದ ಮರಿ. ನೋಡಲು ಹಕ್ಕಿ ಹಿಕ್ಕೆಯ ಹಾಗಿರುತ್ತದೆ. ಸೋಪಿನ ನೀರಿನ ಬಕೆಟ್‌ಗೆ ಉದುರಿಸಿದರೆ ಮುಗಿಯಿತು.

ನರ್ಸರಿಯಲ್ಲಿ ಇದೇ ಗಿಡವೋ ಅಲ್ಲವೋ ಎಂದು ಅನುಮಾನ ಬಂದರೆ ಒಂದು ಎಲೆ ಕಿತ್ತು ಅಡ್ಡಕ್ಕೆ ಮೆಲ್ಲಗೆ ಹರಿಯಿರಿ. ಎರಡು ತುಂಡಿನ ನಡುವೆ ಜೇಡನ ಎಳೆಯಂಥ ದಾರ ಎಳೆದುಕೊಂಡು, ಕೆಳಗಿನ ತುಂಡು ಗಾಳಿಯಲ್ಲಿ ತೂಗಾಡುತ್ತದೆ. ಡಾಗ್‌ವುಡ್ ಎನ್ನುವುದು ಖಾತ್ರಿ. ಇನ್ನು ಅದರ ಹತ್ತಿರದ ಸಿಲ್ಕಿ ಡಾಗ್‌ವುಡ್ ಅಲ್ಲ ಎಂದು ತಿಳಿಯಲು ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ನೋಡಿ. ಒಳಗಿನ ತಿರುಳು ಬಿಳಿ ಇದ್ದರೆ ರೆಡ್ ಓಸಿಯರ್, ಕಂದು ಇದ್ದರೆ ಸಿಲ್ಕಿ. ಮಕ್ಕಳಿಗೆ ಎಲೆಯ ದಾರ ತೋರಿಸಿ, ಬಿಡುವುದೇ ಇಲ್ಲ.

ತಳಿಗಳಲ್ಲಿ ಮಿನೆಸೋಟ ವಿಶ್ವವಿದ್ಯಾಲಯ 1980ರ ದಶಕದಲ್ಲಿ ಬಿಟ್ಟ ಕಾರ್ಡಿನಲ್ ನನಗೆ ಇಷ್ಟ. ಚಿಕ್ಕ ಜಾಗಕ್ಕೆ ಆರ್ಕ್ಟಿಕ್ ಫೈರ್, ಮೂರು-ನಾಲ್ಕು ಅಡಿಗೆ ನಿಲ್ಲುತ್ತದೆ. ಮೂಲ ಗಿಡ ಆರರಿಂದ ಒಂಬತ್ತು ಅಡಿ ಹೋಗುತ್ತದೆ, ನೆಲಕ್ಕೆ ತಾಗಿದ ಕಾಂಡ ಅಲ್ಲೇ ಬೇರು ಬಿಟ್ಟು ಅಗಲಕ್ಕೂ ಹರಡುತ್ತದೆ. ಹಳದಿ ಕಡ್ಡಿಯ ಫ್ಲಾವಿರಾಮಿಯಾ ಕೂಡ ಇದೇ ಜಾತಿ. ಇಲ್ಲಿನ ಕನ್ನಡದ ಮನೆಯೊಂದಕ್ಕೆ ಹಳದಿ ಒಂದು ಸಾಲು, ಕೆಂಪು ಒಂದು ಸಾಲು ಹಾಕಿಕೊಟ್ಟಿದ್ದೇನೆ. ಎಲೆ ಉದುರುವುದು ಸರಿಯಾಗಿ ರಾಜ್ಯೋತ್ಸವದ ಹೊತ್ತಿಗೆ. ಪಕ್ಕದ ಮನೆಯವರಿಗೆ ಅದೇನೆಂದು ಗೊತ್ತಿಲ್ಲ, ಸುಮ್ನೆ ಚೆಂದ ಅಂತಾರೆ.

ಬೆಂಗಳೂರಿಗೆ ಒಯ್ಯಬಹುದಾ ಎಂದು ರಜೆಗೆ ಹೋಗುವವರು ಕೇಳುತ್ತಾರೆ. ಬೇಡ. ಗಿಡದ ಕಡ್ಡಿಯನ್ನು ಸೂಟ್‌ಕೇಸಿನಲ್ಲಿ ಅನುಮತಿಯಿಲ್ಲದೆ ಒಯ್ಯುವುದು ಕಾನೂನಿಗೆ ವಿರುದ್ಧ. ಅದೂ ಅಲ್ಲದೆ, ನಿದ್ದೆಗೆ ಬೇಕಾದಷ್ಟು ಚಳಿ ಅಲ್ಲಿಲ್ಲ.

ಈ ಮಾರ್ಚ್‌ನಲ್ಲೂ ಹಾಗೆ ಫೋನ್ ಮಾಡಿದವರೊಬ್ಬರ ಮನೆಗೆ ಹೋದೆ. ಎಂಟು ವರ್ಷ ಮುಟ್ಟದ ಗಿಡ. ಹಿಮ ಸರಿಸಿ, ಕುಳಿತು, ದಪ್ಪದ ಏಳು ಕಾಂಡ ತೆಗೆದೆ. ಮನೆಯೊಡತಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು, ಮುಖ ಬಾಡಿತ್ತು. ಕತ್ತರಿಸಿದ ಕಾಂಡಗಳ ತುದಿಯಲ್ಲಿ ಇನ್ನೂ ಕೆಂಪಗಿದ್ದ ಕಡ್ಡಿಗಳನ್ನು ಮೊಳದುದ್ದ ಮಾಡಿ ಅವರ ಕೈಗೆ ಕೊಟ್ಟೆ. "ನೆಲ ಕರಗಿದ ಮೇಲೆ ಹಿತ್ತಲ ತಗ್ಗಿನಲ್ಲಿ ಮುಕ್ಕಾಲು ಪಾಲು ಮಣ್ಣೊಳಗೆ ಹೋಗುವ ಹಾಗೆ ಚುಚ್ಚಿ. ಕಣ್ಣು ಮೇಲೆ ಇರಲಿ, ತಲೆಕೆಳಗಾಗಬಾರದು," ಎಂದೆ. ಇಲ್ಲಿ ತೊರೆಯ ದಡ ಕುಸಿಯದಂತೆ ತಡೆಯಲು ಇದೇ ಥರ ಡಾಗ್‌ವುಡ್ ಕಡ್ಡಿಗಳನ್ನು ಸಾಲಾಗಿ ಹೊಡೆಯುತ್ತಾರೆ. ಜೂನ್‌ನಲ್ಲಿ ಅವರೇ ಫೋಟೋ ಕಳಿಸಿದರು. ಇಪ್ಪತ್ತು ಕಡ್ಡಿಯಲ್ಲಿ ಹದಿನಾಲ್ಕು ಚಿಗುರಿದ್ದವು. ಹಳೆಯ ಗಿಡದ ಬುಡದಿಂದ ಬಂದ ಹೊಸ ಕಾಂಡಗಳು ಆಗಲೇ ಅವರ ಸೊಂಟದ ಮಟ್ಟಕ್ಕಿದ್ದವು. ಕೆಳಗೆ ಒಂದೇ ಸಾಲು: "ಮುಂದಿನ ಮಾರ್ಚ್‌ನಲ್ಲಿ ನಾನೇ ಕತ್ತರಿಸ್ತೀನಿ, ನೀವು ಬರೋದು ಬೇಡ."