ಗೋಟಡಿಕೆ, ಗರಟೆ ಮತ್ತು ಕದಿರು

ನಮ್ಮಲ್ಲಿ ಋಷಿಗಳ ಆಶ್ರಮದ ಚಿತ್ರ ಬಿಡಿಸುವವರು ಮೂಲೆಯಲ್ಲೊಂದು ಚರಕವನ್ನು ಇಟ್ಟುಬಿಡುತ್ತಾರೆ. ಚರಕವೇ ನೂಲುವಿಕೆಯ ಆದಿಯೆಂಬ ಈ ನಂಬಿಕೆಗೆ ಇತಿಹಾಸದ ಬೆಂಬಲವಿಲ್ಲ. ಅದಕ್ಕೆ ಸಾವಿರಾರು ವರ್ಷ ಮೊದಲೇ ಕದಿರು ಇತ್ತು: ಒಂದು ಕಡ್ಡಿ, ಅದರ ಬುಡಕ್ಕೊಂದು ಭಾರದ ಬಿಲ್ಲೆ, ಅಷ್ಟೆ. ಶಿರಸಿ ಸೀಮೆಯ ಹಳೆಯ ಮನೆಗಳಲ್ಲಿ ಜನಿವಾರದ ನೂಲಿಗೆಂದು ಉಳಿದುಕೊಂಡಿದ್ದ ತಕಲಿ ಅದೇ ವಂಶದ್ದು.

ಹತ್ತಿಯ ಒಂದೊಂದು ಎಳೆಯ ಉದ್ದ ಸುಮಾರು ಎರಡು ಮೂರು ಸೆಂಟಿಮೀಟರ್ ಮಾತ್ರ. ಹಿಂಜಿ ಸುರುಳಿ ಮಾಡಿದ ಹತ್ತಿಯನ್ನು, ಅಂದರೆ ಹಂಜಿಯನ್ನು, ಸುಮ್ಮನೆ ಜಗ್ಗಿದರೆ ಎಳೆಗಳು ಒಂದರ ಪಕ್ಕದಿಂದ ಒಂದು ಜಾರಿಹೋಗುತ್ತವೆ. ಕದಿರು ಸುತ್ತಿ ಹುರಿ ಬಿದ್ದ ಮೇಲೆ ಅದೇ ಜಗ್ಗಾಟವು ಎಳೆಗಳನ್ನು ಒಳಮುಖವಾಗಿ ಅದುಮುತ್ತದೆ. ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಕಾರವಾರದ ಬೈತಖೋಲ್ ಬಂದರಿನಲ್ಲಿ ದೋಣಿಯ ಹಗ್ಗವನ್ನು ಕಂಬಕ್ಕೆ ನಾಲ್ಕು ಸುತ್ತು ಹಾಕಿದರೆ ಇಡೀ ದೋಣಿ ನಿಲ್ಲುವುದೂ, ತೆಂಗಿನ ನಾರಿನ ಗಿಡ್ಡ ತುಂಡುಗಳು ಸೇರಿ ಮಾರುದ್ದದ ಕತ್ತದ ಹಗ್ಗವಾಗುವುದೂ ಇದೇ ಉಪಾಯದಿಂದ. ಇನ್ನೂ ಸೊಗಸಾದ ಸಂಗತಿಯೆಂದರೆ, ಹುರಿಯು ನೂಲಿನ ಸಪೂರವಾದ ಜಾಗಕ್ಕೇ ಮೊದಲು ಓಡಿ ಅದನ್ನು ಬಿಗಿಯುತ್ತದೆ. ದಪ್ಪನೆಯ ಜಾಗ ಸಡಿಲವಾಗಿಯೇ ಉಳಿದು, ಮುಂದಿನ ಎಳೆತಕ್ಕೆ ತಾನೂ ಸಪೂರವಾಗುತ್ತದೆ. ನೂಲು ಹೀಗೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತ ಹೋಗುತ್ತದೆ.

ಬಿಲ್ಲೆಯ ಕೆಲಸವನ್ನು ನೋಡಬೇಕೆಂದು ನಾನು ಎರಡು ಕದಿರು ಮಾಡಿಕೊಂಡೆ. ಒಂದಕ್ಕೆ ತೂತು ಕೊರೆದ ಗೋಟಡಿಕೆ. ಇನ್ನೊಂದಕ್ಕೆ ಗರಟೆಯನ್ನು ಉಜ್ಜಿ ಮಾಡಿದ, ಹೆಚ್ಚುಕಡಿಮೆ ಅಷ್ಟೇ ತೂಕದ ಬಿಲ್ಲೆ. ಅಡಿಕೆಯ ಅಡ್ಡಳತೆ ಎರಡೂವರೆ ಸೆಂಟಿಮೀಟರ್, ಬಿಲ್ಲೆಯದು ಐದು. ತಿರುಗುವ ವಸ್ತುವಿನ ಜಡತ್ವ ಅದರ ತೂಕವನ್ನು ಮಾತ್ರವಲ್ಲ, ಆ ತೂಕ ನಡುಗಡ್ಡಿಯಿಂದ ಎಷ್ಟು ದೂರದಲ್ಲಿದೆ ಎಂಬುದರ ವರ್ಗವನ್ನೂ ಅವಲಂಬಿಸಿರುತ್ತದೆ. ಅಡಿಕೆ ಉಂಡೆ, ಬಿಲ್ಲೆ ಚಪ್ಪಟೆ; ಆದ್ದರಿಂದ ತೂಕ ಒಂದೇ ಆದರೂ ಗರಟೆಯ ಬಿಲ್ಲೆಯ ಜಡತ್ವ ಅಡಿಕೆಯ ಜಡತ್ವದ ಸುಮಾರು 5 ಪಟ್ಟು. ಹಾಗಾದರೆ ಗರಟೆಯೇ ಮೇಲೆಂದು ತೋರಬಹುದು. ಆದರೆ ಬೆರಳಿನಿಂದ ಅಷ್ಟೇ ಶಕ್ತಿ ಕೊಟ್ಟಾಗ ಅಡಿಕೆ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಸುತ್ತಿ ಬೇಗ ನಿಲ್ಲುತ್ತದೆ. ಗರಟೆ ನಿಧಾನವಾಗಿ, ಬಹಳ ಹೊತ್ತು ಸುತ್ತುತ್ತದೆ. ಗಿಡ್ಡ ಎಳೆಯ ಹತ್ತಿಗೆ ಹುರಿ ಹೆಚ್ಚು ಬೇಕು. ಅದಕ್ಕೆ ಅಡಿಕೆಯೇ ಸರಿ. ಉದ್ದ ಎಳೆಯ ಉಣ್ಣೆಗೆ ಅಗಲದ ಬಿಲ್ಲೆ ಒಗ್ಗುತ್ತದೆ. ಕಡ್ಡಿ ಮಣ್ಣಿನಲ್ಲಿ ಕೊಳೆತುಹೋಗಿ ಸುಟ್ಟಮಣ್ಣಿನ ಬಿಲ್ಲೆಯೊಂದೇ ಉಳಿದಿದ್ದರೂ, ಅದರ ತೂಕ ಮತ್ತು ಅಗಲದಿಂದ ಅಲ್ಲಿ ಎಂಥ ನೂಲು ಬಂದಿರಬಹುದೆಂದು ಉತ್ಖನನಕಾರರು ಊಹಿಸಬಲ್ಲರು. ಸಿಂಧೂ ಬಯಲಿನ ಊರುಗಳಲ್ಲಿ ಇಂಥ ಬಿಲ್ಲೆಗಳು ಸಿಕ್ಕಿವೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡಿದ್ದ ಹತ್ತಿಬಟ್ಟೆಯ ಚೂರೂ ಸಿಕ್ಕಿತು.

ಢಾಕಾದ ಮಸ್ಲಿನ್ ನೂಲನ್ನು ತೆಗೆದವರ ಬೆರಳಿಗೆ ದೈವದತ್ತ ಶಕ್ತಿಯಿತ್ತೆಂದು ಹೇಳುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಅವರ ಕದಿರು ಸೂಜಿಯಷ್ಟು ಸಪೂರ, ಅದರ ಭಾರ ಮಣ್ಣಿನದೊಂದು ಪುಟ್ಟ ಗುಂಡು; ಚಿಪ್ಪಿನೊಳಗೆ ಊರಿ ಸುತ್ತಿಸುತ್ತಿದ್ದುದರಿಂದ ಕದಿರಿನ ತೂಕ ನೂಲಿನ ಮೇಲೆ ಬೀಳುತ್ತಿರಲಿಲ್ಲ. ಇಬ್ಬನಿ ಆರುವ ಮೊದಲೇ ಅವರು ನೂಲಲು ಕೂರುತ್ತಿದ್ದರು. ಒಣಹವೆಯಿದ್ದರೆ ನೀರಿನ ಬೋಗುಣಿಯ ಮೇಲೆ ಹಿಡಿದು ನೂಲುತ್ತಿದ್ದರು. ತೇವ ಹೀರಿದ ಹತ್ತಿಯ ಎಳೆ ಹೆಚ್ಚು ಗಟ್ಟಿಯಾಗಿರುತ್ತದೆ, ಚೆನ್ನಾಗಿ ಬಾಗುತ್ತದೆ. ನಮ್ಮ ಕರಾವಳಿಯಲ್ಲಿ ಬೋಗುಣಿಯ ಅಗತ್ಯವೇ ಬಾರದು. ಆದರೂ 17ನೆಯ ಶತಮಾನದಲ್ಲಿ ಕಾರವಾರದ ಇಂಗ್ಲಿಷ್ ವ್ಯಾಪಾರದ ಕೋಠಿ ಹಡಗಿಗೇರಿಸುತ್ತಿದ್ದ ಮಸ್ಲಿನ್ ಬರುತ್ತಿದ್ದುದು ಘಟ್ಟದ ಮೇಲಿನ ಹುಬ್ಬಳ್ಳಿ ಸೀಮೆಯಿಂದ. ಹವೆಯೊಂದೇ ನೂಲನ್ನು ತೆಗೆಯುವುದಿಲ್ಲ.

ನಮ್ಮ ದೇಶದಲ್ಲಿ ಚರಕದ ಮೊದಲ ಉಲ್ಲೇಖಕ್ಕೆ ಇತಿಹಾಸಕಾರರು ಸಾಮಾನ್ಯವಾಗಿ ಇಸಾಮಿ ಎಂಬ ಕವಿಯ 1350ರ ಪರ್ಷಿಯನ್ ಕಾವ್ಯವನ್ನು ತೋರಿಸುತ್ತಾರೆ. ಆದರೆ 12ನೆಯ ಶತಮಾನದ ನಮ್ಮ ಶರಣೆಯೊಬ್ಬಳು ತನ್ನ ವಚನದಲ್ಲಿ ತಾನು ತಿರುಹುವ ರಾಟೆಯ, ಅಂದರೆ ಚರಕದ, ಅಡಿಹಲಗೆ, ತೋರಣಗಳನ್ನು ಬ್ರಹ್ಮ, ವಿಷ್ಣುಗಳೆಂದು ಎಣಿಸುತ್ತಾಳೆ. ರಾಟೆಯೆಂದರೂ ಅಡ್ಡ ಮಲಗಿಸಿದ ಕದಿರೇ. ಬೆರಳಿನ ಬದಲು ಚಕ್ರ ಅದನ್ನು ತಿರುಗಿಸುತ್ತದೆ, ನೂಲು ಹುಟ್ಟುವುದು ಮಾತ್ರ ಆ ಹಳೆಯ ಕಡ್ಡಿಯ ತುದಿಯಲ್ಲಿಯೇ. ಆಕೆ ಹಾಡಿದ್ದು ರಾಟೆಯನ್ನಾದರೂ ಕನ್ನಡಿಗರು ಆಕೆಯನ್ನು ಕರೆದದ್ದು ಕದಿರ ರೆಮ್ಮವ್ವೆಯೆಂದು.