ಅಕ್ಕಿಕಾಳು ಬೀಳುವ ಹೊತ್ತಿಗೆ ಎಲ್ಲಿ ನಿಂತಿರಬೇಕು

ಲಗ್ನಪತ್ರಿಕೆಯಲ್ಲಿ ಅಕ್ಷತೆ (ಅಕ್ಕಿಕಾಳು) 12 ಗಂಟೆ 31 ನಿಮಿಷಕ್ಕೆ ಎಂದು ಅಚ್ಚಾಗಿದ್ದರೆ, ಮೊದಲ ಮದುವೆ ಒಪ್ಪಿಕೊಂಡ ಫೋಟೊಗ್ರಾಫರ್ 12ಕ್ಕೇ ವೇದಿಕೆ ಮೇಲೆ ಜಾಗ ಹಿಡಿದಿರಬೇಕು. ಅರಿಶಿಣ, ಸುರಗಿ (ಮದುಮಕ್ಕಳಿಗೆ ನೀರೆರೆಯುವ ಶಾಸ್ತ್ರ), ಮೆರವಣಿಗೆ ಗಂಟೆಗಟ್ಟಲೆ ನಡೆಯುತ್ತವೆ. ಒಂದು ಫೋಟೊ ತಪ್ಪಿದರೆ ಇನ್ನೊಂದು ಸಿಗುತ್ತದೆ. ತಾಳಿ, ಅಕ್ಕಿಕಾಳು ಎರಡು-ಮೂರು ನಿಮಿಷದ ಮಾತು. ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಆಲ್ಬಂ ಕೈಗೆ ಬಂದ ಕೂಡಲೇ ಬೀಗರು ಹುಡುಕುವ ಪುಟ ಅದೇ. ಹೊಸಬರ ಆಲ್ಬಂನಲ್ಲಿ ಸೊರಗಿರುವ ಪುಟವೂ ಬಹಳ ಸಲ ಅದೇ.

ಹಿಂದಿನ ದಿನ ಎರಡೂ ಮನೆಯ ಹಿರಿಯರ ಹತ್ತಿರ ಕೂತು ಶಾಸ್ತ್ರದ ಕ್ರಮ ಬರೆದುಕೊಳ್ಳಿ. ಮನೆಯಿಂದ ಮನೆಗೆ ಅದು ಬೇರೆ. ಬಳ್ಳಾರಿ, ರಾಯಚೂರು ಕಡೆ ಆಂಧ್ರದ ನಂಟಿರುವ ಮನೆಗಳಲ್ಲಿ ಅಂತರಪಟದ ಹಿಂದೆ ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ-ಬೆಲ್ಲ ಇಡುವುದೇ ಮುಹೂರ್ತ; ತಾಳಿ ಆಮೇಲೆ. ಇದು ಗೊತ್ತಿಲ್ಲದವರು ತಾಳಿಗೆ ಕಾಯುತ್ತ ಮುಹೂರ್ತದ ಗಳಿಗೆಯನ್ನೇ ಕಳೆದುಕೊಳ್ಳುತ್ತಾರೆ. ಮದುವೆ ನಡೆಸಿಕೊಡುವ ಅಯ್ಯನವರಿಗೂ ಮೊದಲೇ ಒಂದು ಮಾತು ಹೇಳಿಡಿ: "ಅಜ್ಜಾರ, ತಾಳಿ ಎತ್ತಿ ತೋರಸೋವಾಗ ಸ್ವಲ್ಪ ಈ ಕಡಿ ತೋರಸ್ರಿ." ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಮಂತ್ರ ಶುರುವಾದ ಮೇಲೆ ಕೂಗಿ ಕರೆದರೆ ಮಾತ್ರ ಸಿಟ್ಟಾಗುತ್ತಾರೆ, ಆ ಸಿಟ್ಟು ನ್ಯಾಯವಾದದ್ದೇ.

ಇನ್ನೊಂದನ್ನು ಮುಂಗಡ ಹಿಡಿಯುವ ಮೊದಲೇ ಕೇಳಿ: ಹುಡುಗಿಗೆ 18, ಹುಡುಗನಿಗೆ 21 ತುಂಬಿದೆಯೇ? ನಮ್ಮ ಜಿಲ್ಲೆಗಳಲ್ಲಿ ಈ ಪ್ರಶ್ನೆ ಬಿಡುವ ಹಾಗಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಅಂಥ ಮದುವೆ ನಡೆಸಿದವರಿಗೂ ಕುಮ್ಮಕ್ಕು ಕೊಟ್ಟವರಿಗೂ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಈಗ ನಿಲ್ಲುವ ಜಾಗ. ತಾಳಿ ಕಟ್ಟುವಾಗ ವರನ ಕೈ ವಧುವಿನ ಕೊರಳ ಹಿಂದೆ ಹೋಗುತ್ತದೆ. ಗಂಟು ಹಾಕಲು ಅವನ ಅಕ್ಕನೋ ತಂಗಿಯೋ ಬಗ್ಗುತ್ತಾರೆ. ಆದ್ದರಿಂದ ವಧುವಿನ ಎದುರು, ವರನಿಲ್ಲದ ಮಗ್ಗುಲಿಗೆ ತುಸು ಸರಿದು, ಮೊಣಕಾಲೂರಿ ಕೂರಿ. ಅಲ್ಲಿಂದ ಆಕೆಯ ಮುಖ, ತಾಳಿ, ವರನ ಬೆರಳು ಮೂರೂ ಒಂದೇ ಫ್ರೇಮಿನಲ್ಲಿ ಬರುತ್ತವೆ. ಎದುರು ಕೂತ ಮಂದಿಗೂ ಮದುವೆ ಕಾಣುತ್ತದೆ, "ಏ ತಮ್ಮಾ, ಸರಿಯಪಾ ಅತ್ತಾಗ" ಎನ್ನುವ ಕೂಗು ಏಳುವುದಿಲ್ಲ. ಕೆಳಗೆ ದೂರ ನಿಂತು, ದೂರದ್ದನ್ನು ಹತ್ತಿರ ತೋರುವ 70-200 ಲೆನ್ಸಿನಲ್ಲಿ ತೆಗೆಯುತ್ತೇನೆ ಎಂದುಕೊಂಡರೆ ಆ ಹೊತ್ತಿಗೆ ಸರಿಯಾಗಿ ನಲವತ್ತು ಮೊಬೈಲ್ ಮೇಲೇಳುತ್ತವೆ. ಅಗಲಕ್ಕೆ ಹಿಡಿಯುವ 24-70 ಲೆನ್ಸ್ ಹಾಕಿ ಹತ್ತಿರ ಇರಿ. ಅಕ್ಕಿಕಾಳು ಹಾಕುವ ಮಂದಿಯ ಮುಖ ಹಿಡಿಯಲು ಇನ್ನೊಬ್ಬರು ಪಕ್ಕದಲ್ಲಿ ಸ್ಟೂಲ್ ಮೇಲೆ ನಿಂತಿರಲಿ. ಎರಡೂ ಕ್ಯಾಮೆರಾದ ಗಡಿಯಾರ ಬೆಳಿಗ್ಗೆಯೇ ಒಂದೇ ಸಮಯಕ್ಕೆ ಹೊಂದಿಸಿ. ಇಲ್ಲದಿದ್ದರೆ ಆಲ್ಬಂ ಜೋಡಿಸುವಾಗ ತಾಳಿಗಿಂತ ಮುಂಚೆ ಊಟ ಬಂದಿರುತ್ತದೆ.

ಕಾಳು ಬೀಳುವ ವೇಗದ ಲೆಕ್ಕವನ್ನೂ ತಿಳಿದಿರಬೇಕು. ಒಂದು ಮೀಟರ್ ಕೆಳಗೆ ಬಿದ್ದ ಕಾಳು ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೀಟರ್ ವೇಗದಲ್ಲಿರುತ್ತದೆ. ಶಟರ್ (ಬೆಳಕಿಗೆ ತೆರೆದಿರುವ ಹೊತ್ತು) 1/200 ಸೆಕೆಂಡ್ ಇದ್ದರೆ ಅಷ್ಟರಲ್ಲೇ ಎರಡು ಸೆಂಟಿಮೀಟರ್ ಜಾರಿ, ಫೋಟೊದಲ್ಲಿ ಗೆರೆಯಾಗುತ್ತದೆ. 1/1000ಕ್ಕೆ ಜಾರುವುದು ಅರ್ಧ ಸೆಂಟಿಮೀಟರಿಗೂ ಕಡಿಮೆ. ಕಾಳು ಕಾಳಾಗಿಯೇ ಕಾಣುತ್ತದೆ. ಹಗಲಿನ ಹಂದರದಲ್ಲಿ ಎಫ್/4 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ (ಬೆಳಕು ಗ್ರಹಿಸುವ ಮಟ್ಟ) 1600, ಶಟರ್ 1/1000 ಇಂದ ಶುರು ಮಾಡಿ, ಬೆಳಕು ನೋಡಿ ಐಎಸ್‌ಒ ಏರಿಸಿ ಇಳಿಸಿ. ಆ ಹೊತ್ತಿಗೆ ಫ್ಲ್ಯಾಶ್ ಬಂದ್ ಇರಲಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಫ್ಲ್ಯಾಶ್ 1/200 ಅಥವಾ 1/250ರವರೆಗೆ ಮಾತ್ರ ಪೂರ್ತಿ ಬಲದಲ್ಲಿ ಹೊಂದುತ್ತದೆ.

ಕಲ್ಯಾಣ ಮಂಟಪದ ಒಳಗೆ ಈ ಲೆಕ್ಕ ತಿರುಗುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಅದಕ್ಕಿಂತ ವೇಗವಾದರೆ ಚಿತ್ರದ ಮೇಲೆ ಅಡ್ಡ ಪಟ್ಟೆ ಬೀಳುತ್ತವೆ, ಸೈಲೆಂಟ್ ಶಟರ್‌ನಲ್ಲಿ ಇನ್ನೂ ಹೆಚ್ಚು. ಅಲ್ಲಿ 1/100 ಇಟ್ಟು, ಬಿಳಿ ಚಾವಣಿಗೆ ಫ್ಲ್ಯಾಶ್ ಹೊಡೆಯಿರಿ. ಫ್ಲ್ಯಾಶ್ ಮಿಂಚುವ ಹೊತ್ತು ಬಹಳ ಚಿಕ್ಕದು, ಕಾಳನ್ನು ಅದೇ ಹಿಡಿದು ನಿಲ್ಲಿಸುತ್ತದೆ.

ಹಂದರದ ದೊಡ್ಡ ಕಾಟ ಬಣ್ಣ. ವೈಶಾಖದ ನಡುಮಧ್ಯಾಹ್ನ ಸೂರ್ಯ ನೆತ್ತಿ ಮೇಲಿರುತ್ತಾನೆ, ಶಾಮಿಯಾನದ ಕೆಂಪು-ಹಳದಿ ಬಟ್ಟೆಯೊಳಗಿಂದ ಬಿಸಿಲು ಸೋಸಿ ಮದುಮಕ್ಕಳ ಮುಖಕ್ಕೆ ಬೀಳುತ್ತದೆ. ಆ ಬಟ್ಟೆಗೆ ಫ್ಲ್ಯಾಶ್ ಬೌನ್ಸ್ ಮಾಡಿದರೆ ಅದೂ ಕೆಂಪಾಗಿಯೇ ವಾಪಸ್ ಬರುತ್ತದೆ. ಆಟೊ ವೈಟ್ ಬ್ಯಾಲೆನ್ಸ್ (ಕ್ಯಾಮೆರಾ ತಾನೇ ಬಣ್ಣ ಹೊಂದಿಸುವುದು) ಅರಿಶಿಣದ ಸೀರೆ ಕಂಡರೆ ಒಂದು ಬಣ್ಣ, ಬಿಳಿ ಧೋತರ ಕಂಡರೆ ಒಂದು ಬಣ್ಣ ಕೊಡುತ್ತದೆ. ಮದುಮಕ್ಕಳು ಕೂರುವ ಜಾಗದಲ್ಲೇ ಗ್ರೇ ಕಾರ್ಡ್ (ಬಣ್ಣ ಹೊಂದಿಸಲು ಬಳಸುವ ಬೂದು ಹಲಗೆ) ಹಿಡಿಸಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿಕೊಳ್ಳಿ. ಕಾರ್ಡ್ ಇಲ್ಲವೆಂದು ನೀಲಿ ಹಾಕಿ ಒಗೆದ ಧೋತರ ಬಳಸಬೇಡಿ, ಚರ್ಮ ಹಳದಿಗೆ ತಿರುಗುತ್ತದೆ. ಹಂದರ ಹಾಕುವ ದಿನವೇ ಹೋಗಿ, ವೇದಿಕೆ ಮೇಲಿನ ಭಾಗಕ್ಕಷ್ಟೇ ಬಿಳಿ ಬಟ್ಟೆ ಕಟ್ಟಿಸಿದರೆ ಅರ್ಧ ಕಾಟ ತಪ್ಪಿತು. ರಾ ಫೈಲ್ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸಿದ ಫೋಟೊ) ಇದ್ದರೂ, ಮುಖದ ಒಂದು ಮಗ್ಗುಲು ಕೆಂಪು ಇನ್ನೊಂದು ಮಗ್ಗುಲು ಬಿಸಿಲ ಬಿಳಿ ಆಗಿದ್ದರೆ ಕಂಪ್ಯೂಟರಿನಲ್ಲಿ ಪೂರ್ತಿ ಸರಿಯಾಗುವುದಿಲ್ಲ. ಮತ್ತೆ ದಯವಿಟ್ಟು, ಎಡಿಟಿಂಗ್‌ನಲ್ಲಿ ಕಪ್ಪು ಮೈಬಣ್ಣದ ಮದುಮಗಳನ್ನು ಬೆಳ್ಳಗೆ ಮಾಡಬೇಡಿ. ಆಕೆ ಆ ಆಲ್ಬಂ ಜೀವನವಿಡೀ ನೋಡುತ್ತಾಳೆ.

ಆಯೇರಿ (ಮದುಮಕ್ಕಳಿಗೆ ಉಡುಗೊರೆ ಕೊಡುವ) ಸಾಲಿನಲ್ಲಿ ಸೋಲುವುದು ಫ್ಲ್ಯಾಶ್. ಪೂರ್ತಿ ಬಲದಲ್ಲಿ ಒಂದರ ಹಿಂದೊಂದು ಹೊಡೆದರೆ ಬಿಸಿಯಾಗಿ ತಾನೇ ನಿಧಾನವಾಗುತ್ತದೆ. ಬಲವನ್ನು ಕಾಲು ಭಾಗಕ್ಕೆ ಇಳಿಸಿ, ಐಎಸ್‌ಒ ಏರಿಸಿ. ಒಂದೇ ಸಾಲಿದ್ದರೆ ಎಫ್/5.6, ಮೂರು ಸಾಲಿಗೆ ಎಫ್/8. ಯಾರಾದರೂ ಕಣ್ಣು ಮುಚ್ಚಿರುತ್ತಾರೆ, ಪ್ರತಿ ಗುಂಪಿಗೂ ಮೂರು ಕ್ಲಿಕ್ ಬೇಕು.

ಆಲ್ಬಂ 12x36 ಇಂಚು ಎಂದು ಒಪ್ಪಿಕೊಂಡಿದ್ದರೆ ಬಿಡಿಸಿದ ಶೀಟು ಅಗಲದ ಮೂರರಲ್ಲೊಂದು ಪಾಲು ಮಾತ್ರ ಎತ್ತರವಿರುತ್ತದೆ. ಒಂದೇ ಫೋಟೊ ಶೀಟಿನ ತುಂಬ ಹಾಕಿದರೆ ಮೇಲೆ ಕೆಳಗೆ ಸೇರಿ ಅರ್ಧ ಕತ್ತರಿಸಿ ಹೋಗುತ್ತದೆ, ನಟ್ಟನಡುವೆ ಮಡಿಕೆಯೂ ಬರುತ್ತದೆ. ಅಂಥ ಫೋಟೊ ತುಸು ದೂರದಿಂದ, ಮಧ್ಯದಲ್ಲಿ ಮುಖ ಬಾರದಂತೆ ತೆಗೆಯಿರಿ. ಎಷ್ಟು ಶೀಟು, ಎಷ್ಟು ಆಲ್ಬಂ, ಹೆಚ್ಚಿನ ಶೀಟಿಗೆ ಎಷ್ಟು ಹಣ ಎಂಬುದು ಮುಂಗಡದ ಚೀಟಿಯಲ್ಲೇ ಬರೆದಿರಲಿ.

24 ಮೆಗಾಪಿಕ್ಸೆಲ್ ರಾ ಫೈಲು 25ರಿಂದ 30 ಎಂಬಿ. 64 ಜಿಬಿ ಕಾರ್ಡಿಗೆ ಎರಡು ಸಾವಿರದ ಆಸುಪಾಸು ಹಿಡಿಯುತ್ತವೆ. ಎರಡು ಸ್ಲಾಟ್ ಇದ್ದರೆ ಎರಡಕ್ಕೂ ಏಕಕಾಲಕ್ಕೆ ಬರೆಯುವಂತೆ ಇಡಿ. ಮನೆಗೆ ಬಂದ ರಾತ್ರಿಯೇ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿ, ಒಂದನ್ನು ಬೇರೆ ಮನೆಯಲ್ಲಿಡಿ. ಎರಡರಲ್ಲೂ ತಾಳಿ, ಅಕ್ಕಿಕಾಳಿನ ಫೈಲು ತೆರೆದು ಕಣ್ಣಾರೆ ನೋಡಿದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್ ಮಾಡಿ.